ಗಿಟಾರಿನ ಕಿವಿ ಹಿಂಡುವ ಮುನ್ನ

ಅಕೂಸ್ಟಿಕ್ ಗಿಟಾರಿನ ಕತ್ತಿನ ತುದಿಯಲ್ಲಿ, ಹೆಡ್‌ಸ್ಟಾಕ್ ಎನ್ನುವ ಅಗಲವಾದ ತಲೆಯ ಎರಡೂ ಅಂಚಿಗೆ ಮೂರು ಮೂರರಂತೆ ಕಿವಿಗಳ ಹಾಗೆ ಚಾಚಿಕೊಂಡಿರುವ ಗುಂಡಿಗಳ ಜೋಡಣೆಗೆ ಟ್ಯೂನರ್ ಎಂದೂ ಮಷಿನ್ ಹೆಡ್ ಎಂದೂ ಹೆಸರು. ನುಡಿಸುವವರ ಬಾಯಲ್ಲಿ ಅದು ಬರೀ ‘ಕೀ’. ತಂತಿಯನ್ನು ಶ್ರುತಿಗೆ ಬೇಕಾದಷ್ಟು ಬಿಗಿಯುವುದು, ಬಿಗಿದ ಮೇಲೆ ಅಲ್ಲೇ ಹಿಡಿದಿಡುವುದು ಅದರ ಕೆಲಸ. ಆ ಹಿಡಿತ ಸಣ್ಣದಲ್ಲ. 0.012ರಿಂದ 0.053 ಇಂಚಿನವರೆಗಿನ ಆರು ತಂತಿಗಳ ಸಾಮಾನ್ಯ ಸೆಟ್ಟನ್ನು ಶ್ರುತಿಗೆ ತಂದಾಗ ಒಟ್ಟು ಎಳೆತ 70 ಕಿಲೋ ತೂಕವನ್ನೂ ದಾಟುತ್ತದೆ. ವಾದ್ಯ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಾಗಲೂ ಆ ಆರು ಕೀಗಳು ಒಬ್ಬ ಆಳಿನಷ್ಟು ಭಾರವನ್ನು ತಡೆದು ನಿಂತಿರುತ್ತವೆ.

ಸವೆದ ಕೀಗಳನ್ನು ತೆಗೆದು ಹೊಸದನ್ನು ಕೂರಿಸುವುದು ಮನೆಯಲ್ಲೇ ಆಗುವಂಥ ಕೆಲಸ. ಸ್ಕ್ರೂ ಬಿಚ್ಚಿ ಹಾಕುವುದಕ್ಕೆ ಹೆಚ್ಚು ಹೊತ್ತು ಬೇಡ. ಹೊತ್ತು ಹಿಡಿಯುವುದು ಅದಕ್ಕೂ ಮುಂಚಿನ ಎರಡು ಕೆಲಸಗಳಿಗೆ: ದೋಷ ನಿಜವಾಗಿಯೂ ಕೀಯಲ್ಲೇ ಇದೆಯೇ ಎಂದು ಪತ್ತೆ ಮಾಡುವುದು, ಮತ್ತು ಮರದಲ್ಲಿರುವ ತೂತನ್ನು ಅಳೆಯುವುದು. ಈ ಎರಡನ್ನು ಬಿಟ್ಟು ನೇರ ಅಂಗಡಿಗೆ ಹೋದವರಿಗೆ ದುಬಾರಿ ಕೀ ಕೊಂಡ ಮೇಲೂ ಶ್ರುತಿ ನಿಲ್ಲುವುದಿಲ್ಲ, ಇಲ್ಲವೇ ಕೊಂಡದ್ದು ತೂತಿಗೇ ಕೂರುವುದಿಲ್ಲ.

ಒಳಗಿರುವ ಯಂತ್ರ

ಕೀಯ ಒಳಗೆ ಮುಖ್ಯವಾಗಿ ಎರಡೇ ಭಾಗ. ಗುಂಡಿಯ ದಂಡಿನ ಮೇಲೆ ಸ್ಕ್ರೂವಿನಂತೆ ಸುತ್ತಿಕೊಂಡ ಎಳೆ ಒಂದು. ಇದನ್ನು ವರ್ಮ್ ಎನ್ನುತ್ತಾರೆ. ಅದಕ್ಕೆ ಹಲ್ಲು ಕೊಟ್ಟು ನಿಂತ ಪುಟ್ಟ ಹಲ್ಲುಚಕ್ರ ಇನ್ನೊಂದು. ತಂತಿ ಸುತ್ತಿಕೊಳ್ಳುವ ಕಂಬ ಈ ಚಕ್ರಕ್ಕೆ ಕಚ್ಚಿಕೊಂಡಿರುತ್ತದೆ. ಗುಂಡಿ ಒಂದು ಸುತ್ತು ಬಂದರೆ ಚಕ್ರ ಒಂದು ಹಲ್ಲಿನಷ್ಟು ಮಾತ್ರ ಸರಿಯುತ್ತದೆ. ಚಕ್ರಕ್ಕೆ 14 ಹಲ್ಲಿದ್ದರೆ ಕಂಬ ಒಂದು ಸುತ್ತು ಬರಲು ಗುಂಡಿ 14 ಸುತ್ತು ತಿರುಗಬೇಕು. ಕೀಗಳ ಡಬ್ಬಿಯ ಮೇಲೆ 14:1, 18:1 ಎಂದು ಅಚ್ಚಾಗಿರುವುದರ ಅರ್ಥ ಇದೇ.

ಈ ಲೆಕ್ಕವನ್ನು ತಂತಿಗೆ ಹಚ್ಚಿ ನೋಡಬಹುದು. 6 ಮಿ.ಮೀ. ದಪ್ಪದ ಕಂಬದ ಸುತ್ತಳತೆ ಸುಮಾರು 19 ಮಿ.ಮೀ. 14:1 ಕೀಯಲ್ಲಿ ಗುಂಡಿಯ ಒಂದು ಸುತ್ತಿಗೆ ಕಂಬದ ಮೇಲೆ ಬರುವ ತಂತಿ 1.3 ಮಿ.ಮೀ.ಗಿಂತ ತುಸು ಹೆಚ್ಚು. 18:1 ಕೀಯಲ್ಲಿ ಸುಮಾರು 1 ಮಿ.ಮೀ. ಮೊದಲ ಅಂಕಿ ದೊಡ್ಡದಾದಷ್ಟೂ ಬೆರಳಿಗೆ ನಯವಾದ ಹತೋಟಿ ಸಿಗುತ್ತದೆ. ಹೊಸ ತಂತಿ ಹಾಕುವಾಗ ಅಷ್ಟೇ ಹೆಚ್ಚು ಸುತ್ತು ತಿರುಗಿಸಬೇಕಾಗುತ್ತದೆ. ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಕೀ ಗಟ್ಟಿ ಎಂದಲ್ಲ.

ಶ್ರುತಿಯ ದೃಷ್ಟಿಯಿಂದ ವರ್ಮ್ ಗೇರಿನ ಇನ್ನೊಂದು ಗುಣವೇ ಮುಖ್ಯ. ಗುಂಡಿ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಗುಂಡಿಯನ್ನು ತಿರುಗಿಸಲಾರದು. ವರ್ಮಿನ ಎಳೆಯ ಓರೆ ತೀರ ಕಡಿಮೆ. ತಂತಿ ಕಂಬವನ್ನು ಹಿಂದಕ್ಕೆಳೆದಾಗ ಹಲ್ಲುಗಳ ನಡುವಿನ ಘರ್ಷಣೆಯೇ ಗೆಲ್ಲುತ್ತದೆ. ಹಲ್ಲು ಸವೆಯದ ಕೀ ತಾನಾಗಿ ಹಿಂದಕ್ಕೆ ತಿರುಗಿ ಶ್ರುತಿ ಇಳಿಸುವುದು ಹೀಗಾಗಿ ಅಪರೂಪ.

ವೀಣೆಯ ಬಿರಡೆಗೂ ಗಿಟಾರಿನ ಕೀಗೂ ಇರುವ ವ್ಯತ್ಯಾಸ ಇಲ್ಲಿಯೇ. ಬಿರಡೆ ಓರೆಯಾಗಿ ಕಡೆದ ಮರದ ಗೂಟ. ತೂತಿಗೆ ಒತ್ತಿಕೊಂಡ ಬಿಗಿಯಿಂದಲೇ ನಿಲ್ಲುತ್ತದೆ. ಗೇರಿಲ್ಲದ ಕಾರಣ ಕೈಯ ಒಂದು ಸುತ್ತಿಗೆ ತಂತಿಯ ಒಂದು ಪೂರ್ತಿ ಸುತ್ತು ಎಳೆದು ಬರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಬಿರಡೆ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಜಾರುತ್ತದೆ. ಜಾರಿದಾಗ ಸೀಮೆಸುಣ್ಣ ಸವರುವುದು ಹಳೆಯ ಉಪಾಯ. ಈಚೆಗೆ ಗಿಟಾರಿನ ಬಗೆಯ ಗೇರ್ ಕೀಗಳನ್ನೇ ಅಳವಡಿಸಿದ ವೀಣೆಗಳೂ ತಯಾರಾಗುತ್ತಿವೆ.

ಗೂಟದಿಂದ ಗೇರಿಗೆ

ಯುರೋಪಿನ ಗಿಟಾರುಗಳಲ್ಲೂ ಮೊದಲು ಇದ್ದದ್ದು ಮರದ ಗೂಟಗಳೇ. 18ನೇ ಶತಮಾನದ ಲಂಡನ್ನಿನಲ್ಲಿ ಜಾನ್ ಪ್ರೆಸ್ಟನ್ ಹೆಸರಿನಲ್ಲಿ ಪ್ರಸಿದ್ಧವಾದ, ಗಡಿಯಾರದ ಕೀಲಿಕೈಯಿಂದ ತಿರುಗಿಸುವ ತಿರುಪಿನ ಏರ್ಪಾಡು ಲೋಹದ ಯಂತ್ರದತ್ತ ಇಟ್ಟ ಒಂದು ಹೆಜ್ಜೆ. ಪೋರ್ಚುಗೀಸ್ ಗಿಟಾರಿನ ತಲೆಯಲ್ಲಿ ಬೀಸಣಿಗೆಯಂತೆ ಹರಡಿಕೊಂಡಿರುವ ಕೀಗಳು ಅದರ ಇಂದಿನ ಸಂತಾನ. 19ನೇ ಶತಮಾನದ ಮೊದಲ ದಶಕಗಳಲ್ಲಿ ವಿಯೆನ್ನಾದ ಯೋಹಾನ್ ಗಿಯೋರ್ಗ್ ಸ್ಟಾಫರ್ ಆರೂ ಗೇರ್ ಕೀಗಳನ್ನು ತಲೆಯ ಒಂದೇ ಬದಿಗೆ ಸಾಲಾಗಿ ಜೋಡಿಸಿದ ಗಿಟಾರುಗಳನ್ನು ತಯಾರಿಸಿದ. 1833ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಸಿ. ಎಫ್. ಮಾರ್ಟಿನ್ ಅಲ್ಲಿ ಮಾಡಿದ ಮೊದಮೊದಲ ಗಿಟಾರುಗಳ ತಲೆಯೂ ಅದೇ ಬಗೆಯದು.

1950ರ ದಶಕದಲ್ಲಿ ಗಿಬ್ಸನ್ ಮತ್ತು ಫೆಂಡರ್ ಗಿಟಾರುಗಳ ಮೇಲೆ ಕಾಣುತ್ತಿದ್ದದ್ದು ಷಿಕಾಗೋದ ಕ್ಲುಸನ್ ಕಂಪನಿಯ ಕೀ: ತೆಳು ತಗಡಿನ ಮುಚ್ಚಳ, ಹಲವು ಮಾದರಿಗಳಲ್ಲಿ ಪ್ಲಾಸ್ಟಿಕ್ ಗುಂಡಿ. ಆಮೇಲೆ ಗೇರುಗಳನ್ನು ಎರಕದ ಗೂಡಿನೊಳಗೆ ಗ್ರೀಸಿನೊಂದಿಗೆ ಮುಚ್ಚಿಡುವ ಬಗೆ ಬಂತು. ಗ್ರೋವರ್ ಕಂಪನಿಯ ರೋಟೋಮ್ಯಾಟಿಕ್, ಜರ್ಮನಿಯ ಶಾಲರ್ ಕಂಪನಿ 1966ರಲ್ಲಿ ತಂದ ಎಂ6 ಈ ಜಾತಿಯವು. ಬದಲಿ ಕೀ ಕೊಳ್ಳುವವರಿಗೆ ಇಂದಿಗೂ ಎದುರಾಗುವುದು ಈ ಎರಡು ವಂಶಗಳೇ: ಸಣ್ಣ ತೂತಿನ ಕ್ಲುಸನ್ ಬಗೆ, ದೊಡ್ಡ ತೂತಿನ ಗ್ರೋವರ್–ಶಾಲರ್ ಬಗೆ.

ತಪ್ಪು ಯಾರದು?

ಶ್ರುತಿ ನಿಲ್ಲದಿದ್ದರೆ ಮೊದಲ ಗುಮಾನಿ ಕೀಯ ಮೇಲೆ. ಬಹಳಷ್ಟು ಸಲ ತಪ್ಪು ಬೇರೆಡೆ ಇರುತ್ತದೆ. ಹೊಸ ತಂತಿ ಒಂದೆರಡು ದಿನ ಹಿಗ್ಗುವುದು ಸಹಜ. ಕಂಬದ ಮೇಲೆ ಸುತ್ತುಗಳು ಒಂದರ ಮೇಲೊಂದು ಹತ್ತಿ ಕೂತಿದ್ದರೆ ನುಡಿಸಿದಂತೆಲ್ಲ ಅವು ಜಾರಿ ಜಾಗ ಮಾಡಿಕೊಳ್ಳುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ತೊಂದರೆ ಕೊಡುವುದು ‘ನಟ್’. ಕತ್ತು ಮತ್ತು ತಲೆ ಕೂಡುವಲ್ಲಿ, ತಂತಿಗಳು ಹಾದುಹೋಗಲು ಆರು ಕಚ್ಚುಗಳಿರುವ ಮೂಳೆ ಅಥವಾ ಪ್ಲಾಸ್ಟಿಕ್ ಪಟ್ಟಿಗೆ ಈ ಹೆಸರು. ಕಚ್ಚು ಇಕ್ಕಟ್ಟಾಗಿದ್ದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಗುಂಡಿ ತಿರುಗಿಸಿದರೂ ಸ್ವರ ಏರುವುದಿಲ್ಲ, ಆಮೇಲೆ ‘ಟಿಣ್’ ಎಂದು ಸದ್ದಾಗಿ ಒಮ್ಮೆಗೇ ಮೇಲಕ್ಕೆ ಹಾರುತ್ತದೆ. ಆ ಸದ್ದು ನಟ್‌ನದು, ಕೀಯದಲ್ಲ. ಕಚ್ಚಿಗೆ ಪೆನ್ಸಿಲಿನ ಸೀಸದ ಪುಡಿ ತುಂಬುವುದರಿಂದ, ಅದಕ್ಕೂ ಬಗ್ಗದಿದ್ದರೆ ಕಚ್ಚನ್ನು ತಂತಿಯ ದಪ್ಪಕ್ಕೆ ಸರಿಯಾಗಿ ಉಜ್ಜಿಸುವುದರಿಂದ ಇದು ಸರಿಹೋಗುತ್ತದೆ.

ಕೀ ಜಾರುತ್ತಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ತಂತಿಯನ್ನು ಶ್ರುತಿಗೆ ತಂದು, ಕಂಬದ ತಲೆಯಿಂದ ಅದರ ಬುಡದ ಲೋಹದ ಬಳೆಯವರೆಗೆ ಮಾರ್ಕರಿನಿಂದ ಒಂದು ಸಣ್ಣ ಗೆರೆ ಎಳೆಯಬೇಕು. ಅರ್ಧ ಗಂಟೆ ನುಡಿಸಿ ಮತ್ತೆ ನೋಡಬೇಕು. ಸ್ವರ ಇಳಿದಿದ್ದು, ಕಂಬದ ಗೆರೆಯೂ ಬಳೆಯ ಗೆರೆಯೂ ನೇರವಾಗಿಯೇ ಇದ್ದರೆ ಕೀ ನಿರಪರಾಧಿ. ಗೆರೆ ಎರಡಾಗಿ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ಮಾತ್ರ ಗೇರು ಜಾರಿದೆ ಎಂದರ್ಥ.

ಕೀಯೇ ಕೆಟ್ಟಿದೆ ಎನ್ನಲು ಬೇರೆ ಗುರುತುಗಳೂ ಉಂಟು. ಗುಂಡಿಯ ದಂಡು ಬಾಗಿದ್ದರೆ ತಿರುಗಿಸುವಾಗ ಒಂದು ಕಡೆ ಸಲೀಸು, ಇನ್ನೊಂದು ಕಡೆ ಬಿಗಿ. ಹಲ್ಲು ಮುರಿದಿದ್ದರೆ ಗುಂಡಿ ಒಂದು ಜಾಗದಲ್ಲಿ ಬರಿದೇ ತಿರುಗುತ್ತದೆ. ಕಂಬ ತೂತಿನಲ್ಲಿ ಅಲುಗಾಡಿದರೆ ಬಳೆ ಸಡಿಲವಾಗಿದೆ ಅಥವಾ ಸವೆದಿದೆ. ಹಳೆಯ ಪ್ಲಾಸ್ಟಿಕ್ ಗುಂಡಿಗಳು ವಯಸ್ಸಾದಂತೆ ಕುಗ್ಗಿ ಪುಡಿಯಾಗುತ್ತವೆ. ಅಂಥಲ್ಲಿ ಗುಂಡಿಯನ್ನಷ್ಟೇ ಬದಲಿಸಿದರೂ ಸಾಕಾಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ತೆರೆದ ಗೇರಿನ ಕೀಗಳು ಬೇಗ ತುಕ್ಕು ಹಿಡಿಯುತ್ತವೆ. ಚಕ್ರದ ನಡುವಿನ ಸಣ್ಣ ಸ್ಕ್ರೂ ಸಡಿಲವಾಗಿದ್ದರೆ ಅದನ್ನು ಬಿಗಿದು, ಹಲ್ಲಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ನೋಡುವುದು ಮೊದಲ ಚಿಕಿತ್ಸೆ. ಗುಂಡಿಗೂ ಚಕ್ರಕ್ಕೂ ನಡುವೆ ಕೂದಲೆಳೆಯ ಸಡಿಲ ಎಲ್ಲ ಕೀಗಳಲ್ಲೂ ಇರುತ್ತದೆ, ಅದು ದೋಷವಲ್ಲ.

ಅಳತೆಯೇ ಅರ್ಧ ಕೆಲಸ

ಬದಲಿಸಲೇಬೇಕು ಎಂದು ಖಚಿತವಾದ ಮೇಲೆ ಮೊದಲು ನೋಡಬೇಕಾದದ್ದು ತಲೆಯ ಬಗೆ. ಉಕ್ಕಿನ ತಂತಿಯ ಹೆಚ್ಚಿನ ಅಕೂಸ್ಟಿಕ್ ಗಿಟಾರುಗಳದ್ದು ಘನ ತಲೆ, ಬದಿಗೆ ಮೂರು ಕೀ. ಎಡಬದಿಯ ಕೀ ಬಲಬದಿಯದರ ಕನ್ನಡಿ ಪ್ರತಿಬಿಂಬ. ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ಒಂದೇ ಕೀ ಕೆಟ್ಟಿದ್ದರೆ ಅದೇ ಮಾದರಿಯ, ಅದೇ ಬದಿಯ ಬಿಡಿ ಕೀ ಹುಡುಕಬೇಕು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನ ತಲೆಯಲ್ಲಿ ಎರಡು ಉದ್ದ ಕಂಡಿಗಳಿದ್ದು, ಕಂಬಗಳು ಅವುಗಳಲ್ಲಿ ಅಡ್ಡಡ್ಡ ಮಲಗಿರುತ್ತವೆ. ಅಲ್ಲಿ ಮೂರು ಕೀಗಳೂ ಒಂದೇ ಲೋಹದ ಪಟ್ಟಿಯ ಮೇಲೆ ಕೂತಿರುವುದರಿಂದ ಕಂಬದಿಂದ ಕಂಬಕ್ಕಿರುವ ದೂರ ನಿರ್ಣಾಯಕ. ಇಂದಿನ ಸಾಮಾನ್ಯ ಅಳತೆ 35 ಮಿ.ಮೀ. ಅಗ್ಗದ ಉಕ್ಕಿನ ತಂತಿಯ ಗಿಟಾರುಗಳಲ್ಲೂ ಇಂಥ ಮೂರರ ಪಟ್ಟಿಗಳಿರುತ್ತವೆ. ಪಟ್ಟಿಯ ಅಂತರ ಒಂದು ಮಿ.ಮೀ. ತಪ್ಪಿದರೂ ಮೂರನೆಯ ಕಂಬ ತೂತಿಗೆ ಇಳಿಯುವುದಿಲ್ಲ, ಇಳಿದರೂ ಬಿಗಿಯಾಗಿ ಉಜ್ಜುತ್ತದೆ.

ಘನ ತಲೆಯಲ್ಲಿ ಎಲ್ಲಕ್ಕಿಂತ ಮುಖ್ಯ ತೂತಿನ ಅಗಲ. ಕ್ಲುಸನ್ ಬಗೆಯ ಕೀಗೆ ಬೇಕಾದ ತೂತು ಸುಮಾರು 8.8 ಮಿ.ಮೀ.; ಅದರೊಳಗೆ ಒತ್ತಿ ಕೂರಿಸುವ ಲೋಹದ ಬಳೆ, ಅಂದರೆ ಬುಶ್, ಬರುತ್ತದೆ. ಗ್ರೋವರ್–ಶಾಲರ್ ಬಗೆಗೆ ಸುಮಾರು 10 ಮಿ.ಮೀ. ತೂತು ಬೇಕು, ಅದರ ಬುಶ್ ಮೇಲಿನಿಂದ ತಿರುಪಿನಂತೆ ಇಳಿದು ಕೀಯ ಗೂಡನ್ನು ಹಿಂದಿನಿಂದ ಮರಕ್ಕೆ ಅಮುಕಿ ಹಿಡಿಯುತ್ತದೆ. ಮುಂಬದಿಯಲ್ಲಿ ಕಂಬದ ಬುಡಕ್ಕೆ ಆರುಮೂಲೆಯ ನಟ್ಟಿನಂಥದ್ದು ಕಂಡರೆ ಎರಡನೆಯ ಬಗೆ, ಬರಿಯ ಗುಂಡನೆಯ ಬಳೆಯಾದರೆ ಬಹುಮಟ್ಟಿಗೆ ಮೊದಲನೆಯದು. ಕಣ್ಣಂದಾಜು ಸಾಲದು. ಒಂದು ಕೀ ಬಿಚ್ಚಿ, ತೂತಿಗೆ ಕ್ಯಾಲಿಪರ್ ಹಾಕಿ, ಮುಂದೆಯೂ ಹಿಂದೆಯೂ ಅಳೆಯಬೇಕು. ಕೆಲವು ಗಿಟಾರುಗಳಲ್ಲಿ ಮುಂದಿನ ತೂತು ಅಗಲ, ಹಿಂದಿನದು ಕಿರಿದು.

ಮೂರನೆಯ ಅಳತೆ ಹಿಂಬದಿಯ ಸ್ಕ್ರೂವಿನದು. ಕ್ಲುಸನ್ ಬಗೆಗೆ ಗೂಡಿನ ಮೇಲೊಂದು ಕೆಳಗೊಂದು ಸ್ಕ್ರೂ. ಗ್ರೋವರ್–ಶಾಲರ್ ಬಗೆಗೆ ಸಾಮಾನ್ಯವಾಗಿ ಒಂದೇ ಸ್ಕ್ರೂ, ಅದರ ಕೋನ ಕಂಪನಿಯಿಂದ ಕಂಪನಿಗೆ ಬೇರೆ. ಈ ಸ್ಕ್ರೂ ತಂತಿಯ ಎಳೆತವನ್ನು ಹೊರುವುದಿಲ್ಲ. ಗೂಡು ತನ್ನ ಅಕ್ಷದ ಮೇಲೆ ತಿರುಗದಂತೆ ತಡೆಯುವುದಷ್ಟೇ ಅದರ ಪಾಲು. ಹಳೆಯ ಸ್ಕ್ರೂ ತೂತಿಗೆ ಹೊಸ ಕೀ ಹೊಂದಿದರೆ ಮರ ಕೊರೆಯುವ ಕೆಲಸವೇ ಉಳಿಯುವುದಿಲ್ಲ. ಹಳೆಯ ತೂತುಗಳನ್ನೇ ಬಳಸಿಕೊಳ್ಳುವ ಹೊಂದಿಕೆ ತಗಡುಗಳೂ ಮಾರಾಟಕ್ಕಿವೆ.

ಉಳಿದದ್ದು ತೂಕ. ಎರಕದ ಗೂಡಿನ ಕೀಗಳು ತೆರೆದ ಗೇರಿನವಕ್ಕಿಂತ ಭಾರ. ಹಗುರ ಮೈಯ ಸಣ್ಣ ಗಿಟಾರಿಗೆ ಅಂಥ ಆರು ಕೂರಿಸಿದರೆ ವಾದ್ಯ ತಲೆಭಾರವಾಗಿ, ಪಟ್ಟಿಯಲ್ಲಿ ನೇತುಹಾಕಿಕೊಂಡಾಗ ಕತ್ತು ನೆಲದತ್ತ ಜಗ್ಗುತ್ತದೆ.

ಬಿಚ್ಚುವುದು

ಬೇಕಾದ ಸಲಕರಣೆ ಕಡಿಮೆ: ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, 10 ಮಿ.ಮೀ. ಸ್ಪ್ಯಾನರ್ ಅಥವಾ ಬಾಕ್ಸ್ ಸ್ಪ್ಯಾನರ್, ಕ್ಯಾಲಿಪರ್, ಬಣ್ಣ ಬಳಿಯುವವರು ಬಳಸುವ ಮಾಸ್ಕಿಂಗ್ ಟೇಪು, 1.5 ಮಿ.ಮೀ. ಡ್ರಿಲ್ ಬಿಟ್ಟು. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಕತ್ತಿನ ಕೆಳಗೆ ಸುತ್ತಿದ ಟವೆಲು ಇಟ್ಟರೆ ತಲೆ ತೂಗಾಡದೆ ನಿಲ್ಲುತ್ತದೆ.

ತಂತಿಗಳನ್ನು ಬಿಗಿ ಇದ್ದಾಗಲೇ ಕತ್ತರಿಸಬಾರದು. ಸಡಿಲಿಸಿ, ಜೋತು ಬಿದ್ದ ಮೇಲೆ ತೆಗೆಯಬೇಕು. ಆರುಮೂಲೆಯ ಬುಶ್ ಇದ್ದರೆ ಅದನ್ನು ಸ್ಪ್ಯಾನರಿನಿಂದ ಸಡಿಲಿಸಿ ಕೈಯಿಂದ ಬಿಚ್ಚಬೇಕು. ಇಕ್ಕಳ ಹಾಕಿದರೆ ಮೂಲೆ ಸವೆದು, ಜಾರಿದ ಇಕ್ಕಳ ತಲೆಯ ಹೊಳಪಿನ ಮೇಲೆ ಗೀರು ಬಿಡುತ್ತದೆ. ಬುಶ್ಶಿನಡಿಯ ವಾಷರನ್ನು ಜೋಪಾನವಾಗಿ ಎತ್ತಿಡಬೇಕು. ನಂತರ ಹಿಂದಿನ ಸ್ಕ್ರೂ ಬಿಚ್ಚಿದರೆ ಕೀ ಹಿಂದಕ್ಕೆ ತಾನೇ ಜಾರಿ ಬರುತ್ತದೆ.

ಒತ್ತಿ ಕೂರಿಸಿದ ಬುಶ್ಶುಗಳಿಗೆ ಹೆಚ್ಚು ತಾಳ್ಮೆ ಬೇಕು. ಅವುಗಳ ಸುತ್ತ ವಾರ್ನಿಷ್ ಅಂಟಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ವಾರ್ನಿಷಿನ ಚಕ್ಕೆಯೇ ಎದ್ದು ಬರುತ್ತದೆ. ಹಿಂದಿನಿಂದ, ಬುಶ್ಶಿನ ಅಂಚಿಗೆ ಮಾತ್ರ ತಾಗುವ ಮರದ ಕಡ್ಡಿ ಇಟ್ಟು ಮೆಲ್ಲಗೆ ತಟ್ಟುವುದು ಸರಿಯಾದ ದಾರಿ. ಜಗ್ಗದಿದ್ದರೆ ಸಾಲ್ಡರಿಂಗ್ ಐರನ್ನಿನ ತುದಿಯನ್ನು ಬುಶ್ಶಿನ ಒಳಗೆ ಕೆಲವು ಸೆಕೆಂಡು ತಾಗಿಸಿದರೆ ಅಂಟಿದ ವಾರ್ನಿಷ್ ಮೆತ್ತಗಾಗುತ್ತದೆ.

ತೂತು ಹೊಂದದಿದ್ದರೆ

ಹೊಸ ಕೀಗೆ ತೂತು ದೊಡ್ಡದಾದರೆ ಪರಿಹಾರ ಸುಲಭ. ಹೊರಗೆ 10 ಮಿ.ಮೀ. ತೂತಿಗೆ ಕೂತು, ಒಳಗೆ ಸಣ್ಣ ಕಂಬಕ್ಕೆ ಹೊಂದುವ ಬದಲಿ ಬುಶ್ಶುಗಳು ಸಿಗುತ್ತವೆ, ಮರ ಮುಟ್ಟಬೇಕಾಗಿಲ್ಲ. ತೂತು ಚಿಕ್ಕದಾದರೆ ಮರ ತೆಗೆಯಬೇಕು. 8.8ರಿಂದ 10 ಮಿ.ಮೀ.ಗೆ ಹಿಗ್ಗಿಸುವುದೆಂದರೆ ಸುತ್ತಲೂ 0.6 ಮಿ.ಮೀ. ಕೆತ್ತುವುದು. ಇಷ್ಟು ಕಡಿಮೆ ಎಂದುಕೊಂಡು ಸಾಮಾನ್ಯ ಡ್ರಿಲ್ ಬಿಟ್ಟು ಇಳಿಸಿದರೆ ಅದು ಅಂಚನ್ನು ಕಚ್ಚಿ ಎಳೆದು ಮರವನ್ನು ಸೀಳುತ್ತದೆ. ಕೈಯಿಂದ ತಿರುಗಿಸುವ ಓರೆ ರೀಮರ್ ಇದಕ್ಕೆ ತಕ್ಕ ಸಾಧನ. ಮುಂದಿನಿಂದ ನಾಲ್ಕು ಸುತ್ತು, ಹಿಂದಿನಿಂದ ನಾಲ್ಕು ಸುತ್ತು ಹಾಕುತ್ತ, ನಡುನಡುವೆ ಬುಶ್ ಇಟ್ಟು ನೋಡುತ್ತ, ಬೆರಳ ಒತ್ತಿಗೆ ಅದು ಇಳಿಯುವವರೆಗೆ ಮಾತ್ರ ಕೆತ್ತಬೇಕು. ಸುತ್ತಿಗೆಯ ಪೆಟ್ಟು ಬೇಕೆನಿಸಿದರೆ ತೂತು ಇನ್ನೂ ಚಿಕ್ಕದಿದೆ ಎಂದೇ ಅರ್ಥ.

ಹೊಂದದ ಹಳೆಯ ಸ್ಕ್ರೂ ತೂತುಗಳನ್ನು ಮುಚ್ಚಲು ಬಿದಿರಿನ ಹಲ್ಲುಕಡ್ಡಿ ಮತ್ತು ಮರಕ್ಕೆ ಹಾಕುವ ಬಿಳಿ ಅಂಟು ಸಾಕು. ಕಡ್ಡಿಯನ್ನು ಅಂಟಿನಲ್ಲಿ ಅದ್ದಿ ತೂತಿಗೆ ತುರುಕಿ, ಒಂದು ರಾತ್ರಿ ಒಣಗಿಸಿ, ಮರದ ಮಟ್ಟಕ್ಕೆ ಕತ್ತರಿಸಿದರಾಯಿತು. ಹಳೆಯ ಸ್ಕ್ರೂ ಸಡಿಲವಾಗಿ ತಿರುಗುವ ಕಡೆಯಲ್ಲೂ ಇದೇ ಉಪಾಯ ನಡೆಯುತ್ತದೆ.

ಕೂರಿಸುವುದು

ಕೀಯನ್ನು ಹಿಂದಿನಿಂದ ತೂರಿಸಿ, ಮುಂದಿನಿಂದ ವಾಷರ್ ಇಟ್ಟು, ಬುಶ್ಶನ್ನು ಬೆರಳಿನಿಂದಷ್ಟೇ ತಿರುಗಿಸಬೇಕು. ಆರೂ ಹೀಗೆ ನಿಂತ ಮೇಲೆ ಗುಂಡಿಗಳ ಸಾಲಿಗೆ ಅಡಿಪಟ್ಟಿ ಹಿಡಿದು ನೇರ ಮಾಡಬೇಕು. ಸ್ಕ್ರೂ ಬೀಳುವ ಜಾಗವನ್ನು ಮೊನೆಯಿಂದ ಚುಚ್ಚಿ ಗುರುತು ಮಾಡಬೇಕು.

ಸ್ಕ್ರೂವನ್ನು ಗಟ್ಟಿ ಮರಕ್ಕೆ ನೇರವಾಗಿ ತಿರುಗಿಸಿದರೆ ಅದರ ತಲೆ ಮುರಿದು ಮೈ ಒಳಗೇ ಉಳಿಯುತ್ತದೆ. ಅದನ್ನು ತೆಗೆಯುವುದು ಇಡೀ ಕೆಲಸಕ್ಕಿಂತ ದೊಡ್ಡ ರಗಳೆ. ಹಾಗಾಗಿ 2 ಮಿ.ಮೀ. ದಪ್ಪದ ಸ್ಕ್ರೂಗೆ ಮೊದಲು 1.5 ಮಿ.ಮೀ. ತೂತು ಕೊರೆಯಬೇಕು. ತಲೆಯ ದಪ್ಪ ಸುಮಾರು 15 ಮಿ.ಮೀ. ಮಾತ್ರ. ಬಿಟ್ಟು ಮುಂದಿನ ಮುಖವನ್ನು ತೂರಿ ಹೊರಬರದಂತೆ ಸ್ಕ್ರೂವಿನ ಉದ್ದಕ್ಕೆ ಅಳೆದು ಬಿಟ್ಟಿಗೆ ಟೇಪಿನ ತುಂಡು ಸುತ್ತಿಕೊಂಡು, ಟೇಪು ಮರ ಮುಟ್ಟಿದಾಗ ನಿಲ್ಲಿಸಬೇಕು. ಸ್ಕ್ರೂವಿನ ಎಳೆಗೆ ಮೇಣದಬತ್ತಿ ಉಜ್ಜಿದರೆ ಅದು ಸಲೀಸಾಗಿ ಇಳಿಯುತ್ತದೆ. ಕಡೆಗೆ ಬುಶ್ಶನ್ನು ಸ್ಪ್ಯಾನರಿನಿಂದ ಬಿಗಿಯಬೇಕು. ವಾಷರ್ ಕೈಗೆ ಅಲುಗಾಡದಷ್ಟು ಬಿಗಿ ಸಾಕು. ಅದಕ್ಕೂ ಮೀರಿ ತಿರುಗಿಸಿದರೆ ವಾರ್ನಿಷಿನಲ್ಲಿ ಬಳೆಯಾಕಾರದ ಬಿರುಕು ಕಾಣಿಸಿಕೊಳ್ಳುತ್ತದೆ.

ತಂತಿ, ಶ್ರುತಿ, ಆರೈಕೆ

ಹೊಸ ಕೀಯ ಗುಣ ತಿಳಿಯುವುದು ತಂತಿ ಸರಿಯಾಗಿ ಸುತ್ತಿದಾಗ. ದಪ್ಪ ತಂತಿಗೆ ಕಂಬದ ಮೇಲೆ ಎರಡು–ಮೂರು ಸುತ್ತು, ತೆಳು ತಂತಿಗೆ ನಾಲ್ಕು–ಐದು ಸುತ್ತು ಹಿತ. 6 ಮಿ.ಮೀ. ಕಂಬಕ್ಕೆ ಎರಡೂವರೆ ಸುತ್ತು ಎಂದರೆ ಸುಮಾರು 5 ಸೆಂ.ಮೀ. ತಂತಿ, ಕಂಬದ ತೂತಿಗೆ ಪೋಣಿಸುವಾಗ ಅಷ್ಟು ಸಡಿಲ ಬಿಟ್ಟುಕೊಳ್ಳಬೇಕು. ಪ್ರತಿ ಸುತ್ತೂ ಹಿಂದಿನದರ ಕೆಳಗೆ ಬರಬೇಕು. ಆಗ ತಂತಿ ನಟ್‌ನ ಮೇಲೆ ಚೆನ್ನಾಗಿ ಒತ್ತಿ ಕೂರುತ್ತದೆ. ಮೂರು ಮೂರರ ತಲೆಯಲ್ಲಿ ತಂತಿಗಳು ಕಂಬದ ಒಳಬದಿಯಿಂದ ಹಾದುಹೋಗುತ್ತವೆ.

ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತರಬೇಕು. ಸ್ವರ ಏರಿ ಹೋದರೆ ಗುರಿಗಿಂತ ಕೆಳಕ್ಕೆ ಇಳಿಸಿ ಮತ್ತೆ ಮೇಲೇರಬೇಕು. ಇಳಿಸುತ್ತ ನಿಲ್ಲಿಸಿದರೆ ಹಲ್ಲುಗಳ ನಡುವಿನ ಕೂದಲೆಳೆಯ ಸಡಿಲ ಹಾಗೆಯೇ ಉಳಿದು, ನಾಲ್ಕು ಬಾರಿ ಮೀಟಿದೊಡನೆ ತಂತಿ ಅಷ್ಟನ್ನು ಎಳೆದುಕೊಳ್ಳುತ್ತದೆ. ಹೊಸ ಕೀಯನ್ನೂ ಜನ ದೂರುವುದು ಹೆಚ್ಚಾಗಿ ಈ ಒಂದು ತಪ್ಪಿನಿಂದ. ಮೊದಲ ವಾರದ ಕೊನೆಗೆ ಬುಶ್ಶುಗಳನ್ನು ಒಮ್ಮೆ ಮುಟ್ಟಿ ನೋಡಬೇಕು. ವಾಷರಿನಡಿಯ ವಾರ್ನಿಷ್ ಅದುಮಿಕೊಂಡು ತುಸು ಸಡಿಲ ಬಂದಿರಬಹುದು. ಮುಚ್ಚಿದ ಗೂಡಿನ ಕೀಗೆ ಎಣ್ಣೆ ಬೇಡ. ತೆರೆದ ಗೇರಿನದಕ್ಕೆ ಆರು ತಿಂಗಳಿಗೊಮ್ಮೆ ಒಂದು ಹನಿ ಸಾಕು.

ಬಿಚ್ಚಿದ ಹಳೆಯ ಕೀ, ಬುಶ್, ಸ್ಕ್ರೂಗಳನ್ನು ಎಸೆಯದೆ ಒಂದು ಲಕೋಟೆಗೆ ಹಾಕಿ ಗಿಟಾರಿನ ಪೆಟ್ಟಿಗೆಯಲ್ಲೇ ಇಡಬೇಕು. ಹಳೆಯ ಒಳ್ಳೆಯ ಗಿಟಾರನ್ನು ಕೊಳ್ಳುವವರು ಮೂಲ ಬಿಡಿಭಾಗಗಳನ್ನು ಕೇಳುತ್ತಾರೆ; ಹಿಗ್ಗಿಸಿದ ತೂತು ಕಂಡರೆ ಬೆಲೆ ಇಳಿಸುತ್ತಾರೆ. ಅಂಥ ವಾದ್ಯಕ್ಕೆ ಇರುವ ತೂತಿಗೆ ಹೊಂದುವ ಕೀಯನ್ನೇ ಹುಡುಕಿ ತರಬೇಕು. ಅದು ಸಿಗುವವರೆಗೆ ಕಾಯುವುದು ರೀಮರ್ ಹಿಡಿಯುವುದಕ್ಕಿಂತ ಲಾಭದ ಕೆಲಸ.